ಕುಮನ ನಂಬರು

ಸ್ತಾರಾ ಲೂಕಾ, ಮೇ ೧೫, ಶುಕ್ರವಾರ

ಪ್ರೀತಿಯ ನೆವೆಂಕಾ,

ಸೊಂಟನೋವು ಹೇಗಿದೆ? ಗ್ರಾತ್ಸ್‌ನಲ್ಲಿ ನೀನು ನೋಡಿಕೊಳ್ಳುವ ಆ ಅಜ್ಜಿಯನ್ನು ಒಬ್ಬಳೇ ಎತ್ತಬೇಡ ಎಂದಿದ್ದೆ, ಎತ್ತಿಯೇ ಇರುತ್ತೀಯ. ನಮ್ಮ ಮಗ ಲಾಜರ್ ತನ್ನ ಮದುವೆಯ ಕೋಟು ಹೊಲಿಸಿಕೊಂಡ, ತೋಳು ಉದ್ದವಾಗಿದೆ. ನಾನು ಕ್ಷೇಮ. ನನ್ನ ಕಂಪ್ಯೂಟರ್ ಅಲ್ಲ.

ಕಾರ್ಖಾನೆಯ ಕಂಪ್ಯೂಟರುಗಳಿಗೆ ಹೊಸ ವ್ಯವಸ್ಥೆ ಹಾಕಿದಾಗಿನಿಂದ ನನ್ನದಕ್ಕೆ ನೆಟ್‌ವರ್ಕ್ ನಿಲ್ಲುತ್ತಿಲ್ಲ. ಮೂಲೆಯಲ್ಲಿ ಸಂಪರ್ಕವಿದೆ ಎಂಬ ಗುರುತು, ಪಕ್ಕದ ಪ್ರಿಂಟರ್ ಮಾತ್ರ ಕಾಣದು. ತೆರೆಯ ಮೇಲೆ ನಂಟು, ತಂತಿಯೊಳಗೆ ಗಂಟು. ಆರು ವಾರ ತಂತಿ ಕಿತ್ತು ಊದಿದೆ, ಆರಿಸಿ ಹಚ್ಚಿದೆ. ದೋಷ ಹುಡುಕಲು ಹೇಳಿದರೆ ಅದು ಬಹಳ ಹೊತ್ತು ಯೋಚಿಸಿ, ಯಾವ ತೊಂದರೆಯೂ ಕಂಡುಬಂದಿಲ್ಲ ಎಂದಿತು. ಸರಕಿನ ಕಾಗದ ಹೊರಡದೆ ಮೆಣಸಿನಕಾಯಿ ಗೊಜ್ಜಿನ ಎರಡು ಲಾರಿ ಗಡಿಯಿಂದ ವಾಪಸಾದವು. ನನಗೆ ಎರಡು ಎಚ್ಚರಿಕೆ ಪತ್ರ. ಮೂರನೆಯದು ಬಂದರೆ ಕೆಲಸ ಹೋಯಿತೆಂದೇ ಲೆಕ್ಕ. ಎದುರು ಮೇಜಿನ ಸ್ರೆತೆನ್, ನಮ್ಮ ಮದುವೆಯಲ್ಲಿ ಮೇಣದಬತ್ತಿ ಹಿಡಿದು ಸಾಕ್ಷಿ ನಿಂತು ನಂಟನಾದ ನಮ್ಮ ಕುಮ, ಕಾಫಿ ಕುಡಿಸಿ ಸಮಾಧಾನ ಮಾಡುತ್ತಿದ್ದ: "ಬಿಡು ಕುಮೆ, ಯಂತ್ರಕ್ಕೂ ನಿನ್ನ ಮುಖ ಕಂಡ್ರೆ ಆಗಲ್ಲ."

ನಿನ್ನೆ ರಿಪೇರಿಯ ಗೋರ್ದಾನಾ ಬಂದಳು. ಪ್ರತಿ ಕಂಪ್ಯೂಟರಿಗೂ ಒಂದೊಂದು ನಂಬರಂತೆ. ಎರಡಕ್ಕೆ ಒಂದೇ ಇದ್ದರೆ ಮೊದಲು ಹಚ್ಚಿದ್ದು ಒಳಗೆ, ಇನ್ನೊಂದು ಹೊರಗೆ. ನನ್ನ ನಂಬರು ಸ್ರೆತೆನ್‌ನ ಕಂಪ್ಯೂಟರಿನಲ್ಲಿತ್ತು. "ಹೋದ ತಿಂಗಳೇ ಅವರಿಗೆ ಹೇಳಿದ್ನಲ್ಲ, ಬದಲಾಯಿಸ್ತೀನಿ ಅಂದಿದ್ರು" ಎಂದಳು ಪಾಪ. ಸ್ರೆತೆನ್ ಈಚೆಗೆ ಬೆಳಿಗ್ಗೆ ಆರೂವರೆಗೇ ಯಾಕೆ ಬರುತ್ತಿದ್ದ ಎಂಬುದು ಆಗ ತಿಳಿಯಿತು.

ಅವನನ್ನೇ ಕೇಳಿದೆ. ಕಣ್ಣು ಕೂಡ ತಗ್ಗಿಸಲಿಲ್ಲ. "ಹೊಸದು ಹಾಕಿದ ದಿನ ನಂದು ಕೆಟ್ಟಿತ್ತು, ನಿಂದು ಚೆನ್ನಾಗಿ ನಡೀತಿತ್ತು, ನಿನ್ನ ನಂಬರು ನೋಡಿ ಹಾಕ್ಕೊಂಡೆ. ಆಮೇಲೆ ಒಪ್ಪಿಕೊಂಡ್ರೆ ನಾನು ಬೈಸ್ಕೋಬೇಕಿತ್ತು. ನೀನು ಹೇಗೂ ಬೈಸ್ಕೊಳ್ತಾ ಇದ್ಯಲ್ಲ ಕುಮೆ." ಯಂತ್ರಕ್ಕೆ ಆರು ವಾರ ಬೈದಿದ್ದೇನೆ, ನೆವೆಂಕಾ. ಅದರ ಕ್ಷಮೆ ಕೇಳಬೇಕು.

ಅಜ್ಜಿಗೆ ನನ್ನ ನಮಸ್ಕಾರ ಹೇಳು. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ
ವೆಲಿಬೋರ್

ಮರೆತಿದ್ದೆ: ಮೂರನೆಯ ಪತ್ರ ಇವತ್ತು ಬಂತು. ಕುಮನ ಹೆಸರು ಹೇಳಿದ್ದರೆ ನನ್ನ ಕೆಲಸ ಉಳಿಯುತ್ತಿತ್ತು, ಅವನದು ಹೋಗುತ್ತಿತ್ತು. ಕುಮನ ಮೇಲೆ ದೂರು ಹೇಳುವುದು ನಮ್ಮ ಮನೆತನದಲ್ಲಿ ಇಲ್ಲ. ಅವನೂ ಅಲ್ಲೇ ನಿಂತಿದ್ದ, ಬಾಯಿ ಬಿಡಲಿಲ್ಲ. ಸಹಿ ಹಾಕಿದೆ, ಸೋಮವಾರದಿಂದ ಮನೆಯಲ್ಲಿರುತ್ತೇನೆ. ಆದರೆ ಲಾಜರನ ಮದುವೆಯಲ್ಲಿ ಅವನು ಬತ್ತಿ ಹಿಡಿಯುವುದು ಬೇಡ. ಇದನ್ನು ನೀನೇ ಬರೆದು ತಿಳಿಸು. ಇಪ್ಪತ್ತೆರಡು ವರ್ಷ ಕುಮೆ ಎಂದು ಕರೆದ ಬಾಯಿ, ನನಗೆ ಆಗುವುದಿಲ್ಲ.