ಮೊದಲ ದಿನವೂ ಮೇಲೆ ಹತ್ತುವ ಮಗಳಿಗೆ

ಪ್ರೀತಿಯ ಪಟಾಕಿ,

ನಾವೆಲ್ಲ ಇಲ್ಲಿ ಕ್ಷೇಮ ಎಂದು ಶುರು ಮಾಡಬೇಕು. ನಿಮ್ಮಪ್ಪ ಕ್ಷೇಮ. ಅವರು ಯಾವತ್ತೂ ಕ್ಷೇಮ. ಮನೆಗೆ ಬೆಂಕಿ ಬಿದ್ದರೂ ಮೊದಲು ಕನ್ನಡಕ ಹುಡುಕುವವರು. ನನ್ನ ವಿಷಯ ಬೇರೆ. ಹೋದ ಸಲ ನೀನು ನಗುನಗುತ್ತಾ ಹೇಳಿದ ಸಂಗತಿ ಅಂದಿನಿಂದ ನನ್ನ ತಲೆಯೊಳಗೆ ಬಟ್ಟೆ ಒಗೆಯುವ ಯಂತ್ರದ ಹಾಗೆ ತಿರುಗುತ್ತಿದೆ. ಆಸ್ಪತ್ರೆಯ ಲಾಂಡ್ರಿಯಲ್ಲಿ ದುಡಿಯುವವಳಿಗೆ ಇದಕ್ಕಿಂತ ಒಳ್ಳೆಯ ಹೋಲಿಕೆ ಹೊಳೆಯಲಿಲ್ಲ.

ಫೋನಿನಲ್ಲಿ ಈ ಮಾತೆತ್ತಿದರೆ "ಅಮ್ಮಾ, ಸಿಗ್ನಲ್ ಇಲ್ಲ" ಅನ್ನುತ್ತೀ. ಊರಿಗೆಲ್ಲ ಎತ್ತರದಲ್ಲಿ ಕೂತವಳಿಗೆ ಸಿಗ್ನಲ್ ಇಲ್ಲವಂತೆ! ಅದಕ್ಕೇ ಈ ಕಾಗದ. ಇದನ್ನು ಮಧ್ಯದಲ್ಲಿ ಕತ್ತರಿಸಲು ಬರುವುದಿಲ್ಲ.

ನಡೆದದ್ದನ್ನು ನೀನು ಹೇಳಿದಂತೆಯೇ ಬರೆಯುತ್ತೇನೆ. ಓದಿದಾಗಲೂ ನಗು ಬರುತ್ತದೋ ನೋಡು. ಅವತ್ತು ನಿನ್ನ ಮುಟ್ಟಿನ ಮೊದಲ ದಿನ. ಹೊಟ್ಟೆ ಹಿಂಡುತ್ತಿತ್ತು. ಖಾಲಿ ಹೊಟ್ಟೆಗೆ ನೋವಿನ ಮಾತ್ರೆ ನುಂಗಿ, ಕಟ್ಟಡದ ಜಾಗದಲ್ಲಿ ನೀನು ಓಡಿಸುವ ಕ್ರೇನಿನ ಏಣಿ ಹತ್ತಿದೆ. ನೀರು ಕುಡಿದರೆ ಇಳಿಯಬೇಕಾಗುತ್ತದೆ, ಇಳಿದರೆ ಕೆಲಸ ನಿಲ್ಲುತ್ತದೆ ಎಂದು ನೀರನ್ನೂ ಕುಡಿಯಲಿಲ್ಲ. ಕಬ್ಬಿಣದ ಸರಳುಗಳ ಕಟ್ಟು ಇಳಿಸುತ್ತಿದ್ದಾಗ ಕಣ್ಣು ಕತ್ತಲೆ ಬಂದು ಕೈ ಲಿವರ್‌ನಿಂದ ಜಾರಿತು. ಕೈ ಬಿಟ್ಟರೆ ಕ್ರೇನು ತಾನಾಗಿ ನಿಲ್ಲುತ್ತದೆ ಎಂದು ನನಗೆ ಸಮಾಧಾನ ಹೇಳಿದೆ. ಕ್ರೇನೇನೋ ನಿಂತಿತು. ಸರಳಿನ ಕಟ್ಟು ನಿಲ್ಲಲಿಲ್ಲ, ಜನರ ನೆತ್ತಿಯ ಮೇಲೆ ತೂಗಾಡಿತು. ಕೆಳಗೆ ನಿಂತು ವಾಕಿಟಾಕಿಯಲ್ಲಿ ನಿನಗೆ ದಾರಿ ಹೇಳುವ ಹಿರಿಯರು, ನೀನು ಸೀಟಿ ಮಾಮ ಎಂದು ಕರೆಯುವವರು, ಏನಾಯಿತೆಂದು ಕೇಳಿದರೆ "ಗಾಳಿ ಬೀಸ್ತು ಮಾಮ" ಅಂದೆ.

"ಗಾಳಿನಾ? ನನ್ನ ಸಿಗರೇಟಿನ ಹೊಗೆ ನೆಟ್ಟಗೆ ಮೇಲಕ್ಕೆ ಹೋಗ್ತಿದೆಯಲ್ಲಮ್ಮ" ಅಂದರಂತೆ.

ಆದರೂ ಗಾಳಿ ಎಂದ ಮೇಲೆ ನಿಮ್ಮಲ್ಲಿ ತನಿಖೆ ಆಗಲೇಬೇಕಲ್ಲ. ಎಂಜಿನಿಯರ್ ಬಂದು, ಗಾಳಿ ಅಳೆಯುವ ಯಂತ್ರ ಗಾಳಿಯನ್ನೇ ತೋರಿಸಿಲ್ಲ, ಆದ್ದರಿಂದ ಕೆಟ್ಟಿದೆ ಎಂದು ಹೊಸದು ಹಾಕಿಸಿದರಂತೆ. ಏನೂ ತಪ್ಪು ಮಾಡದ ಯಂತ್ರಕ್ಕೆ ಕೆಲಸ ಹೋಯಿತು ಎಂದು ನೀನು ಬಿದ್ದು ಬಿದ್ದು ನಕ್ಕೆ. ನಾನೂ ನಕ್ಕೆ. ಫೋನ್ ಇಟ್ಟವಳೇ ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟೆ. "ತಲೆ ಸುತ್ತಿದ್ದು ಅವಳಿಗೆ, ಕೂತಿರೋದು ನೀನು" ಅಂದರು ನಿಮ್ಮಪ್ಪ. ನೀರು ತಂದು ಕೊಟ್ಟರು, ಅದನ್ನೂ ಹೇಳಬೇಕು.

ಮುಂದಿನ ವಾರ ಮತ್ತೆ ಆ ದಿನ ಬರುತ್ತದೆ. ನಿನ್ನ ತಿಂಗಳು ನನಗೆ ಬಾಯಿಪಾಠ. ಬರುವ ಮುಂಚೆ ಕಪಾಟಿನ ಬಾಗಿಲು ದಡಾರ್ ಅನ್ನುತ್ತಿತ್ತು, ಲೋಟಗಳು ಕೈ ಜಾರುತ್ತಿದ್ದವು, ನಿಮ್ಮಪ್ಪ ಸದ್ದಿಲ್ಲದೆ ಹೊರಗಿನ ಕೆಲಸ ಹುಡುಕಿಕೊಳ್ಳುತ್ತಿದ್ದರು. ಮುಗಿದ ಮೇಲೆ ನೋಡಬೇಕಿತ್ತು ನಿನ್ನನ್ನು: ಮಂಚವನ್ನು ಒಬ್ಬಳೇ ಎತ್ತಿ ಅದರಡಿ ಗುಡಿಸುತ್ತಿದ್ದೆ. ನೀನು ದೊಡ್ಡವಳಾದಾಗ ನಾನೊಂದು ಪದ್ಯ ಕಟ್ಟಿದ್ದೆ, ನೆನಪಿದೆಯಾ? "ಮೊದಲ ದಿನ ಹಾಸಿಗೆ, ಮರುದಿನ ಪಡಸಾಲೆಗೆ, ಮೂರನೆ ದಿನ ಶಾಲೆಗೆ, ಆಮೇಲೆ ಹತ್ತು ಮಾಳಿಗೆ." ಕೊನೆಯ ಸಾಲನ್ನು ನೀನು ಇಷ್ಟು ಗಂಭೀರವಾಗಿ ತೆಗೆದುಕೊಂಡು, ಮೊದಲ ಸಾಲನ್ನು ಪೂರ್ತಿ ಮರೆಯುತ್ತೀ ಎಂದು ಗೊತ್ತಿದ್ದರೆ ಬೇರೆ ಪ್ರಾಸ ಹುಡುಕುತ್ತಿದ್ದೆ.

ನಮ್ಮ ಲಾಂಡ್ರಿಯಲ್ಲಿ ಇದಕ್ಕೊಂದು ವ್ಯವಸ್ಥೆಯಿದೆ. ನೀನು ಚಿಕ್ಕವಳಿದ್ದಾಗ ಬಂದು ನೋಡಿದ್ದೀ, ಆದರೆ ಆಗ ಅರ್ಥವಾಗಿರಲಾರದು. ದೊಡ್ಡ ಇಸ್ತ್ರಿ ರೋಲರ್ ಮುಂದೆ ಎಲ್ಲರೂ ನಿಂತೇ ಕೆಲಸ ಮಾಡಬೇಕು. ಹಬೆ, ಸೆಕೆ, ಒದ್ದೆ ಚಾದರಗಳ ಭಾರ. ಮಡಚುವ ಮೇಜಿನ ಹತ್ತಿರ ಮಾತ್ರ ಒಂದು ಸ್ಟೂಲ್. ಮೊದಲ ದಿನದವಳು ಬಂದವಳೇ ಆ ಸ್ಟೂಲ್ ಎಳೆದುಕೊಂಡು ಕೂರುತ್ತಾಳೆ, ಉಳಿದವರು ರೋಲರ್ ಹಂಚಿಕೊಳ್ಳುತ್ತೇವೆ. ಯಾರೂ ಕೇಳುವುದಿಲ್ಲ, ಯಾರೂ ಹೇಳುವುದಿಲ್ಲ. ನಾನು ಸೇರಿದ ಹೊಸದರಲ್ಲಿ ಹಲ್ಲು ಕಚ್ಚಿ ನಿಂತಿದ್ದಾಗ ನಾವೆಲ್ಲ ದೊಡ್ಡಕ್ಕ ಎನ್ನುವ ಹಿರಿಯ ಕೆಲಸಗಾರ್ತಿ ಆ ಸ್ಟೂಲನ್ನು ಕಾಲಿನಿಂದ ನನ್ನತ್ತ ತಳ್ಳಿ, "ಕೂತ್ಕೊಳ್ಳೇ. ನೀನು ನಿಂತಿದ್ರೆ ಚಾದರ ಏನು ಎದ್ದು ಸಲಾಮು ಹೊಡೆಯುತ್ತಾ?" ಅಂದಿದ್ದಳು. ನಮ್ಮ ಸೂಪರ್‌ವೈಸರ್‌ಗೆ ಇವತ್ತಿಗೂ ಇದರ ಗುಟ್ಟು ಗೊತ್ತಿಲ್ಲ. "ಸರದಿ ಪ್ರಕಾರ ಎಲ್ಲಾ ಕೆಲಸ ಕಲೀತಿದೀರಿ, ಭೇಷ್" ಎಂದು ಹೊಗಳಿದರು. "ಹೂಂ ಸಾರ್, ನಮಗೂ ಮುಂದೆ ಬರೋ ಆಸೆ" ಅಂದಳು ದೊಡ್ಡಕ್ಕ.

ಹಿಂದೊಮ್ಮೆ ಇದನ್ನು ಹೇಳಿದಾಗ ನೀನು ನಗಲಿಲ್ಲ. "ಅಲ್ಲಿ ಎಲ್ಲಾರೂ ಹೆಂಗಸ್ರಮ್ಮ. ಇಲ್ಲಿ ಕ್ರೇನ್ ಮೇಲೆ ನಾನೊಬ್ಳೇ. ಒಂದಿನ ಇಳಿದ್ರೆ, ಹೆಣ್ಮಕ್ಕಳ ಕೈಲಿ ಇದಾಗಲ್ಲ ಅಂತ ಖಾಯಂ ಇಳಿಸ್ತಾರೆ. ನನ್ನ ಹಿಂದೆ ಇನ್ನಿಬ್ಬರು ಹುಡುಗೀರು ಕಲೀತಿದಾರೆ" ಅಂದೆ. ಇದಕ್ಕೆ ನನ್ನ ಹತ್ತಿರ ಪ್ರಾಸವಿಲ್ಲ. ನೀನು ಹೇಳಿದ್ದು ಸುಳ್ಳಾಗಿದ್ದರೆ ನಾನು ಇಷ್ಟು ಹೆದರುತ್ತಲೇ ಇರಲಿಲ್ಲ. ಆದರೆ ಆ ಸರಳಿನ ಕಟ್ಟು ಯಾರದಾದರೂ ತಲೆಗೆ ಬಡಿದಿದ್ದರೆ ಕಂಪನಿಯವರು ಏನೆನ್ನುತ್ತಿದ್ದರು, ಆ ಹುಡುಗಿಯರಿಗೆ ಯಾವ ಏಣಿ ಉಳಿಯುತ್ತಿತ್ತು? ಅದನ್ನೂ ಯೋಚಿಸು. ನಾನಂತೂ ಬೇರೇನೂ ಯೋಚಿಸುತ್ತಿಲ್ಲ. ಮೊನ್ನೆ ಶಸ್ತ್ರಚಿಕಿತ್ಸೆಯ ಕೋಣೆಯ ಹಸಿರು ಬಟ್ಟೆಗಳ ಜೊತೆ ವಾರ್ಡಿನ ಚಾದರ ಸೇರಿಸಿ ಬಯ್ಯಿಸಿಕೊಂಡೆ.

ನನ್ನ ಮುಟ್ಟು ಈಗ ಹೇಳದೆ ಕೇಳದೆ ಬರುತ್ತದೆ, ಬಂದರೆ ಹೋಗುವುದನ್ನು ಮರೆಯುತ್ತದೆ. "ಈ ವಯಸ್ಸಲ್ಲಿ ಹೀಗಾಗುತ್ತೆ, ಆದ್ರೂ ಒಂದು ಸ್ಕ್ಯಾನ್ ಮಾಡ್ಸೋಣ" ಅಂದಿದ್ದಾರೆ ಡಾಕ್ಟರಮ್ಮ. ಮಾಡಿಸುತ್ತೇನೆ. ನಿನ್ನದಾದರೋ ಮುಂಚಿತವಾಗಿ ತಿಳಿಸಿ ಬರುತ್ತದೆ. ಭಾರದ ಕೆಲಸ, ಹೆಚ್ಚುವರಿ ಪಾಳಿ ಏನಿದ್ದರೂ ಮುಗಿದ ನಂತರದ ವಾರಕ್ಕೆ ಇಟ್ಟುಕೋ. ಆಗ ನಿನ್ನನ್ನು ಹಿಡಿಯುವವರಿಲ್ಲ. ಮೊದಲ ದಿನ ಬದಲಿ ಆಪರೇಟರ್ ಹತ್ತಲಿ, ಅವನ ರಜೆಯ ದಿನ ನೀನು ಹತ್ತು. ಅಷ್ಟೊಂದು ನೋವು ಬರುವುದೇಕೆ ಎಂದು ನೀನೂ ಒಬ್ಬ ಡಾಕ್ಟರಿಗೆ ತೋರಿಸು. ತಿಂಗಳಿಡೀ ದೇಹ ಒಂದೇ ಥರ ಇರಬೇಕೆಂದು ಹಟ ಹಿಡಿದವರು ಯಾರೋ, ಅವರಿಗೆ ದೇಹವೇ ಇದ್ದಿರಲಿಕ್ಕಿಲ್ಲ.

ಇನ್ನೊಂದು ವಿಷಯ. ಕೋಪ ಮಾಡಿಕೊಳ್ಳದೆ ಓದು. ತುರ್ತಿಗೆ ಇರಲಿ ಎಂದು ನೀನು ಕೊಟ್ಟಿದ್ದ ಸೀಟಿ ಮಾಮನ ನಂಬರಿಗೆ ನಿನ್ನೆ ಮಧ್ಯಾಹ್ನ ಫೋನ್ ಮಾಡಿದೆ. ಎಲ್ಲ ಹೇಳಿಬಿಡೋಣ ಎಂದೇ ಮಾಡಿದ್ದು. ಅವರು "ಹಲೋ, ಯಾರು?" ಅಂದದ್ದೇ ತಡ, ಇದು ನನ್ನ ಮಾತಲ್ಲ, ನಿನ್ನ ಮಾತು ಅನ್ನಿಸಿತು. "ರಾಂಗ್ ನಂಬರ್" ಅಂದೆ. ಮಾಡಿದವಳೇ ರಾಂಗ್ ನಂಬರ್ ಅಂದರೆ ಯಾರು ನಂಬುತ್ತಾರೆ? ಅವರೂ ನಂಬಲಿಲ್ಲ. "ಮೇಲಿದಾಳಮ್ಮ. ಚೆನ್ನಾಗಿದಾಳೆ. ನೋಡ್ತಾನೇ ಇದೀನಿ" ಅಂದರು.

ಪಟಾಕಿ, ಆ ಮನುಷ್ಯನಿಗೆ ಗೊತ್ತಿದೆ. ಏನೆಂದು ಗೊತ್ತೋ ಇಲ್ಲವೋ, ಏನೋ ಇದೆಯೆಂದು ಗೊತ್ತಿದೆ. ಇಷ್ಟು ದಿನ ಯಾರಿಗೂ ಬಾಯಿ ಬಿಡದೆ ನೋಡುತ್ತಿದ್ದಾರೆ. ಅವರಿಗೆ ಹೇಳು. ಇಡೀ ಕಂಪನಿಗೆ ಡಂಗುರ ಸಾರಬೇಕಿಲ್ಲ. ನೆಲದ ಮೇಲೆ ಒಬ್ಬರಿಗೆ ಗೊತ್ತಿದ್ದರೆ ಸಾಕು. ಅವರಿಗೂ ಮನೆಯಲ್ಲಿ ಹೆಂಗಸರಿರಬಹುದು, ಇಲ್ಲದೆಯೂ ಇರಬಹುದು. ನಿನ್ನ ಮಾತಿಲ್ಲದೆ ಅವರಿಗೆ, ಅವರ ಮಾತಿಲ್ಲದೆ ನಿನಗೆ ಒಂದು ಇಟ್ಟಿಗೆಯನ್ನೂ ಎತ್ತಲು ಆಗುವುದಿಲ್ಲವಲ್ಲ.

ನೀನು ಹೇಳದೇ ಹೋದರೆ, ಆ ದಿನ ಬರುವ ಮುಂಚೆ ನಾನು ಹೇಳುತ್ತೇನೆ. ಇದು ಬೆದರಿಕೆ ಅಲ್ಲ ಎಂದು ಬರೆದು ಹೊಡೆದು ಹಾಕಿದೆ, ಬೆದರಿಕೆಯೇ. ನಿನಗೆ ಕೆಟ್ಟ ಕೋಪ ಬರುತ್ತದೆ. ಬರಲಿ. ತಿಂಗಳುಗಟ್ಟಲೆ ಮಾತು ಬಿಡುತ್ತೀ. ಬಿಡು. ಕೋಪ ಮಾಡಿಕೊಂಡ ಮಗಳು ಫೋನ್ ಎತ್ತುವುದಿಲ್ಲ, ಅಷ್ಟೇ ತಾನೇ? ಆದರೆ ಇರುತ್ತಾಳೆ.

ಕೈಗೆ ಬಲ ಬರಲಿ, ಕಣ್ಣಿಗೆ ನಿದ್ದೆ ಬರಲಿ, ಬೇಕಾದಾಗ ಬೆನ್ನಿಗೊಂದು ಹಾಸಿಗೆ ಸಿಗಲಿ.

ಹೆದರಿಕೆಯಿಂದ, ಅದಕ್ಕಿಂತ ಒಂದು ಹಿಡಿ ಹೆಚ್ಚು ಹೆಮ್ಮೆಯಿಂದ,
ನಿನ್ನ ಅಮ್ಮ