ಹನಿ ಹಾಕಿದ ಕಣ್ಣು

೧೩-೩-೧೯೮೯, ಸೋಮವಾರ

ಅಕ್ಷರ ಕಾಣುತ್ತಿಲ್ಲ. ಅಂದಾಜಿನ ಮೇಲೆ ದೊಡ್ಡದಾಗಿ ಬರೆಯುತ್ತಿದ್ದೇನೆ.

ಚಷ್ಮಾದ ನಂಬರಿಗೆಂದು ಸಿಂಧನೂರಿನ ಡಾಕ್ಟರು ಬೆಳಿಗ್ಗೆ ಕಣ್ಣಿಗೆ ಹನಿ ಹಾಕಿದ್ದರು. ಮನೆಗೆ ಬಂದರೆ ನನ್ನನ್ನು ನೋಡಲು ಮುದಗಲ್‌ನಿಂದ ಗಂಡಿನವರು ಬಂದು ಕೂತಿದ್ದರು, ಹೇಳದೆ ಕೇಳದೆ. ಬಾಗಿಲಿನ ಬೆಳಕು ಚುಚ್ಚುತ್ತಿತ್ತು, ತಲೆ ಎತ್ತಲಾಗಲಿಲ್ಲ. ಹುಡುಗ ಬಿಳಿ ಅಂಗಿ ತೊಟ್ಟಿದ್ದ. ಮುಖದ ಜಾಗದಲ್ಲಿ ಬರೀ ಮಸುಕು.

"ಕಣ್ಣು ಎಷ್ಟು ಕರ್ರಗ, ದೊಡ್ಡವು ಅದಾವ ನೋಡ್ರಿ. ತಲಿ ಸೈತ ಎತ್ತಲಿಲ್ಲ, ನಾಚಿಕಿ ಇರೋ ಹುಡುಗಿ" ಎಂದರು ಅವನ ತಾಯಿ. ಹನಿಗೆ ಅರಳಿದ ಪಾಪೆ ಅದು.

ಅವರು ಹೋದ ಮೇಲೆ ಅವ್ವ ಕೇಳಿದಳು, "ಹುಡುಗ ಪಸಂದ್ ಬಂದಾನಿಲ್ಲವ್ವ? ಚಷ್ಮಾದ ಮಾತು ಮಾತ್ರ ಎತ್ತಬ್ಯಾಡ."

ಹೂಂ ಅಂದೆ. ಒಳಗೆ ಏನೂ ಆಗಲಿಲ್ಲ.

ಕಣ್ಣು ಸರಿಯಾಗಲು ವಾರ ಬೇಕಂತೆ. ನಿಶ್ಚಯ ಇದೇ ಗುರುವಾರ.