ಅಕ್ಕ ಕೊಟ್ಟ ಸಂಖ್ಯೆ

ಮಾರ್ಚ್ 3
ಬೆಳಗ್ಗೆಯಿಂದ ಹದಿನಾಲ್ಕು ನೀರಿನ ಮೀಟರ್ ಪರೀಕ್ಷೆ. ಎರಡು ಸುಳ್ಳು ಹೇಳುತ್ತಿದ್ದವು, ಬಿಚ್ಚಿಟ್ಟೆ. ಮನೆಗೆ ಬಂದರೆ ಬಾಗಿಲ ಸಂದಿಯಲ್ಲಿ ಕಾರ್ಡು. ಅಕ್ಕನ ಅಕ್ಷರ. ಹನ್ನೊಂದು ವರ್ಷದ ಮೇಲೆ! ಒಂದೇ ಸಂಖ್ಯೆ: 10,41,251. ಕೆಳಗೆ, “ಒಡೆಯುತ್ತಾ ನೋಡು.” ಮೂಲೆಯಲ್ಲಿ ವಿಳಾಸ. ಹೇಗಿದ್ದೀಯಾ ಅಂತ ಒಂದು ಮಾತಿಲ್ಲ.

ಮಾರ್ಚ್ 4
ಚಿಕ್ಕವರಿದ್ದಾಗಿನ ಆಟ. ಒಬ್ಬಳು ದೊಡ್ಡ ಸಂಖ್ಯೆ ಕೊಡಬೇಕು. ಯಾವ ಎರಡನ್ನು ಗುಣಿಸಿದರೆ ಅದು ಬರುತ್ತದೆಂದು ಇನ್ನೊಬ್ಬಳು ಹುಡುಕಬೇಕು. ಕೈಲೆಕ್ಕ ಮಾತ್ರ. ಒಡೆದವಳು ಒಂದು ಪ್ರಶ್ನೆ ಕೇಳಬಹುದು, ಕೊಟ್ಟವಳು ನಿಜ ಹೇಳಲೇಬೇಕು.
ನನ್ನ ಪ್ರಶ್ನೆ ಎಂದಿನಿಂದಲೋ ಸಿದ್ಧವಿದೆ — ಅಮ್ಮ ತೀರಿಕೊಂಡ ವಾರವೇ ನನ್ನೊಬ್ಬಳನ್ನೇ ಬಿಟ್ಟು ಯಾಕೆ ಹೋದೆ?
ಕೊನೆಯಲ್ಲಿ 1. ಎರಡೂ ಇಲ್ಲ, ಐದೂ ಇಲ್ಲ. ಅಂಕಿಗಳ ಮೊತ್ತ 14, ಮೂರೂ ಹೋಯಿತು. ಏಳು, ಹನ್ನೊಂದು, ಹದಿಮೂರು... ಜಪ್ಪಯ್ಯ ಎಂದರೂ ಜಗ್ಗುತ್ತಿಲ್ಲ. ವರ್ಗಮೂಲ ಸುಮಾರು 1,020, ಅಲ್ಲಿಯವರೆಗಿನ ಅವಿಭಾಜ್ಯಗಳಿಂದ ಭಾಗಿಸಿ ನೋಡಿದರೆ ಸಾಕು. ಅಷ್ಟರೊಳಗೆ ಒಡೆಯದಿದ್ದರೆ ಎಂದಿಗೂ ಒಡೆಯದು. ಒಟ್ಟು 171 ಭಾಗಾಕಾರ.

ಮಾರ್ಚ್ 9
211 ದಾಟಿತು. ಆಫೀಸಿನ ಗುಮಾಸ್ತ ಇಣುಕಿ, ಕಂಪ್ಯೂಟರಿಗೆ ಕೊಟ್ಟರೆ ಕಣ್ಣು ಮಿಟುಕಿಸುವುದರೊಳಗೆ ಹೇಳುತ್ತದೆ ಎಂದ. ಗೊತ್ತು. ಕೊಡಲಿಲ್ಲ. ಅಕ್ಕನ ಜೊತೆ ಇಷ್ಟು ಹೊತ್ತು ಕೂತು ಎಷ್ಟು ಕಾಲವಾಯಿತು.

ಮಾರ್ಚ್ 22
389ರಲ್ಲಿ ಶೇಷ ಸೊನ್ನೆ. ತಿರುಗಿ ಗುಣಿಸಿದರೆ ತಾಳೆಯಾಗುತ್ತಿಲ್ಲ — ಕಳೆಯುವಾಗ ಎಲ್ಲೋ ದಶಕ ಬಿಟ್ಟಿದ್ದೇನೆ. ಪೆದ್ದಿ.

ಏಪ್ರಿಲ್ 6, ಸಂಜೆ 5
601 ಆಯಿತು. ಇದು ಒಡೆಯದ ಸಂಖ್ಯೆಯೇ ಆಗಿದ್ದರೆ? ನಾನು ಏನನ್ನೂ ಕೇಳಬಾರದೆಂದೇ ಕೊಟ್ಟಿದ್ದರೆ? ಸಿಟ್ಟು ಬಂತು. ಹಾಳೆಗಳನ್ನು ಮಂಚದ ಕೆಳಗೆ ತಳ್ಳಿದೆ.

ಏಪ್ರಿಲ್ 19
ಹದಿಮೂರು ದಿನ ಮುಟ್ಟಲಿಲ್ಲ. ಇಂದು ಊಟದ ಬಿಡುವಿನಲ್ಲಿ ಮನಸ್ಸು ತಡೆಯಲಿಲ್ಲ, ಹೊಸ ಹಾಳೆಯಲ್ಲಿ 607ರಿಂದ ಶುರು... 739. ಶೇಷವಿಲ್ಲ. ಮೂರು ಸಲ ಗುಣಿಸಿದೆ. 739 × 1,409. ಎರಡೂ ಇನ್ನು ಒಡೆಯವು. ಅವೆರಡನ್ನೂ ಆಫೀಸಿನ ಫೋನ್ ನಂಬರನ್ನೂ ಕಾರ್ಡಿನಲ್ಲಿ ಬರೆದು ಅಂಚೆಗೆ ಹಾಕಿದೆ. ಪ್ರಶ್ನೆ ಬರೆಯಲು ಕೈ ಏಳಲಿಲ್ಲ.

ಏಪ್ರಿಲ್ 27
ಫೋನ್. ಅಕ್ಕ. ನಿಜವಾಗಿಯೂ ಒಡೆಯಿತೇ ಎಂದು ಕೇಳಿದಳು. ನಿನಗೆ ಗೊತ್ತಿರಲಿಲ್ಲವೇ ಎಂದೆ.
“ಇಲ್ಲ ಕಣೇ. ನನ್ನ ಬಸ್ ಪಾಸ್ ಮೇಲಿತ್ತು ಆ ನಂಬರು. ಆರುನೂರ ಹದಿಮೂರರ ತನಕ ಬಂದೆ. ಒಬ್ಬಳ ಕೈಲಿ ಆಗ್ಲಿಲ್ಲ.”
ಗುಮಾಸ್ತ ಎದುರಿಗೇ ಇದ್ದ. ಗೋಡೆಯ ಕಡೆ ತಿರುಗಿ ನಿಂತೆ. ನಿನ್ನ ಪ್ರಶ್ನೆ ಕೇಳು ಎಂದಳು ಅಕ್ಕ. ಬಾಯಿಗೆ ಬಂದದ್ದೇ ಬೇರೆ.
“ಭಾನುವಾರ ಮನೇಲಿರ್ತೀಯಾ?”
ಇರುತ್ತೇನೆ, ಬಸ್ ಸ್ಟಾಪಿಗೇ ಬರುತ್ತೇನೆ ಎಂದಳು.

ಮೇ 2, ಬೆಳಗ್ಗೆ 10.20
ಬಸ್ಸಿನಲ್ಲಿ. ಅಕ್ಷರಗಳು ಕುಣಿಯುತ್ತಿವೆ. ಕೈಯಲ್ಲಿದ್ದ ಒಂದೇ ಪ್ರಶ್ನೆಯನ್ನು ಇಷ್ಟು ಚಿಕ್ಕದಕ್ಕೆ ಖರ್ಚು ಮಾಡಿದೆ. ಬೇಸರವಿಲ್ಲ. ಕಂಡಕ್ಟರ್ ಕೊನೆಯ ಸ್ಟಾಪ್ ಎನ್ನುತ್ತಿದ್ದಾನೆ. ಕಿಟಕಿಯಾಚೆ, ಬೆಂಚಿನ ಪಕ್ಕ ಯಾರೋ ಒಬ್ಬಳು ನಿಂತಿದ್ದಾಳೆ. ಪೂರ್ತಿ ಬಿಳಿ ಕೂದಲು. ಥೇಟ್ ಅಮ್ಮನ ಹಾಗೆ ಸೊಂಟಕ್ಕೆ ಕೈ ಕೊಟ್ಟು... ಅಕ್ಕನ ಕೂದಲು ಇಷ್ಟು ಬೇಗ —